ಬ್ರೆಕ್ಸಿಟ್ ಪೆಟ್ಟು ಲಂಡನ್ನಿಗೆ ಮಾತ್ರವೇ?



ಬ್ರೆಕ್ಸಿಟ್‌ನಿಂದ ನಷ್ಟವಾದದ್ದು ಲಂಡನ್ನಿನ ಬ್ಯಾಂಕುಗಳಿಗೆ, ಉಳಿದ ಊರುಗಳಿಗೆ ಅಷ್ಟೇನೂ ಬಿಸಿ ತಟ್ಟಲಿಲ್ಲ ಎಂಬರ್ಥದ ಮಾತು ನಿಮ್ಮ ಪತ್ರಿಕೆಯ ಭಾನುವಾರದ ಅಂಕಣದಲ್ಲಿತ್ತು. ಇದನ್ನು ನಾನು ಒಪ್ಪಲಾರೆ.

ಮಗನ ಮನೆಗೆಂದು ಹೋಗಿ ಕೆಲವು ತಿಂಗಳು ಉತ್ತರ ವೇಲ್ಸ್‌ನ ಬ್ಯಾಂಗರ್‌ನಲ್ಲಿದ್ದೆ. ಅಲ್ಲಿನ ಮೆನಾಯ್ ಜಲಸಂಧಿಯ ತಳದಲ್ಲಿ, ನಾವು ಉಡುಪಿ ಕಡೆಯವರು ಪಚ್ಚಿಲೆ ಎನ್ನುತ್ತೇವಲ್ಲ, ಅದೇ ಬಳಗದ ಚಿಪ್ಪುಮೀನು ಬೆಳೆಸುತ್ತಿದ್ದರು. ಅದು ಜೀವಂತವಾಗಿಯೇ ಲಾರಿ ಹತ್ತಿ ನೆದರ್ಲೆಂಡ್ಸ್, ಫ್ರಾನ್ಸ್ ಸೇರುತ್ತಿತ್ತು. 2021ರ ಜನವರಿಯಿಂದ, ಶುದ್ಧತೆಯಲ್ಲಿ ಮೆನಾಯ್‌ನಂಥ ‘ಬಿ’ ದರ್ಜೆಯ ನೀರಿನ ಚಿಪ್ಪುಮೀನನ್ನು ಶುದ್ಧೀಕರಿಸದೆ ತರುವಂತಿಲ್ಲ ಎಂದಿತು ಐರೋಪ್ಯ ಒಕ್ಕೂಟ. ಹೊರಗಿನ ದೇಶಗಳಿಗೆ ಈ ನಿಯಮ ಮೊದಲಿನಿಂದಲೂ ಇತ್ತು. ಈಗ ಬ್ರಿಟನ್ನೂ ಹೊರಗಿನದಾಯಿತು, ಅಷ್ಟೆ. ಗಮನಿಸಿ, ಸುಂಕ ಆಗಲೂ ಸೊನ್ನೆ, ಈಗಲೂ ಸೊನ್ನೆ. ಸುಂಕವಿಲ್ಲದೆಯೂ ವ್ಯಾಪಾರ ನಿಲ್ಲುತ್ತದೆ! ಪೆನ್ರಿನ್ ಬಂದರಿನಲ್ಲಿ ಕಟ್ಟಿಹಾಕಿದ ದೋಣಿಗಳನ್ನು ಕಂಡಾಗ ಮಳೆಗಾಲದ ಮೀನುಗಾರಿಕೆ ನಿಷೇಧದ ಹೊತ್ತಿನ ನಮ್ಮ ಮಲ್ಪೆ ಬಂದರು ನೆನಪಾಯಿತು. ಮಲ್ಪೆಯ ದೋಣಿಗಳಾದರೂ ಜುಲೈ 31 ಕಳೆದರೆ ಕಡಲಿಗಿಳಿಯುತ್ತವೆ.

ಪಕ್ಕದ ದ್ವೀಪದ ಹೋಲಿಹೆಡ್ ಡಬ್ಲಿನ್‌ನಿಂದ ಬಂದಿಳಿಯುವ ಲಾರಿಗಳನ್ನು ನಂಬಿದ ಊರು. ಗಡಿ ಕಾಗದಪತ್ರದ ರಗಳೆಯೇ ಬೇಡವೆಂದು ಎಷ್ಟೋ ಲಾರಿಗಳು ಐರ್ಲೆಂಡಿನ ರಾಸ್‌ಲೇರ್‌ನಿಂದ ನೇರ ಫ್ರಾನ್ಸಿನ ಹಡಗು ಹತ್ತತೊಡಗಿದವು. ಇನ್ನು, ಹಿಂದುಳಿದ ಪ್ರದೇಶವೆಂದು 2000ದಿಂದ ಈ ಭಾಗಕ್ಕೆ ಬರುತ್ತಿದ್ದ ಒಕ್ಕೂಟದ ನೆರವು ನಿಂತು, ಬದಲಿಗೆ ಬಂದ ನಿಧಿ ಕಾರ್ಡಿಫ್‌ನ ವೇಲ್ಸ್ ಸರ್ಕಾರವನ್ನು ಬದಿಗಿಟ್ಟು ಲಂಡನ್ನಿನ ಅಂಕೆಗೆ ಹೋಯಿತು.

ಅವರೇ ಮತ ಹಾಕಿ ತಂದುಕೊಂಡದ್ದಲ್ಲವೇ ಎಂದು ಅಂಕಣಕಾರರು ಕೇಳಬಹುದು. 2016ರಲ್ಲಿ ವೇಲ್ಸ್ ಶೇ 52.5ರಷ್ಟು ಮತದಿಂದ ಹೊರನಡೆಯಲು ಹೇಳಿದ್ದು ನಿಜ. ಆದರೆ ಬ್ಯಾಂಗರ್ ಇರುವ ಗ್ವಿನೆಡ್‌ನವರು ಶೇ 58ರಷ್ಟು ಮತ ಹಾಕಿ ಒಕ್ಕೂಟದಲ್ಲೇ ಉಳಿಯೋಣ ಎಂದಿದ್ದರು.

ಸುಂಕಕ್ಕಿಂತ ನಿಯಮ ದೊಡ್ಡದೆಂಬ ಈ ಪಾಠ ನಮಗೂ ಬೇಕು. 2025ರ ಜುಲೈನಲ್ಲಿ ಭಾರತ–ಬ್ರಿಟನ್ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿದ್ದಾಗ ನಮ್ಮ ಸಿಗಡಿಗೆ ಸುಂಕ ಹೋಯಿತು ಎಂಬ ಸಂಭ್ರಮವನ್ನೇ ಎಲ್ಲ ಕಡೆ ಓದಿದೆ. ಗುಣಮಟ್ಟದ ನಿಯಮಗಳ ಬಗ್ಗೆ ಯಾರೂ ಬರೆದದ್ದು ಕಾಣಲಿಲ್ಲ. ದಯವಿಟ್ಟು ಒಬ್ಬ ವರದಿಗಾರರನ್ನು ಮಲ್ಪೆಗೆ ಕಳಿಸಿ, ಮೀನು ರಫ್ತು ಮಾಡುವವರನ್ನು ಕೇಳಿ ಬರೆಯಿರಿ.

– ನಿವೃತ್ತ ಶಿಕ್ಷಕ, ಉಡುಪಿ