ಸಾಲದ ಡಿಕ್ರಿ ಗಡಿ ದಾಟಿತು. ಸಂಬಳ, ಜೀವನಾಂಶ ಯಾವಾಗ?

ವಿಮಾನ ಹತ್ತಿ ಊರು ಸೇರಿದರೆ ಅಲ್ಲಿನ ಕೋರ್ಟು ಕಚೇರಿಗಳ ಕಾಟ ಅಲ್ಲಿಗೇ ಮುಗಿಯಿತು ಎಂಬ ನಂಬಿಕೆ ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ಬೇರೂರಿದೆ. ಕೊಲ್ಲಿ ರಾಷ್ಟ್ರದಲ್ಲಿ ದುಡಿಯುವ ಯುವಕನೊಬ್ಬ ಬ್ಯಾಂಕಿನಿಂದ ಸಾಲ ಪಡೆಯುತ್ತಾನೆ. ಆ ಹಣದಲ್ಲಿ ಊರಿನಲ್ಲಿ ಮನೆ ಏಳುತ್ತದೆ, ತಂಗಿಯ ಮದುವೆ ನಡೆಯುತ್ತದೆ. ಅಷ್ಟರಲ್ಲಿ ಕಂಪೆನಿ ಮುಚ್ಚುತ್ತದೆ, ಕೆಲಸ ಹೋಗುತ್ತದೆ. ಕಂತು ಕಟ್ಟಲಾಗದೆ ಅವನು ಊರಿಗೆ ಮರಳುತ್ತಾನೆ. ಸಮುದ್ರ ದಾಟಿ ಯಾರು ಬರುತ್ತಾರೆ ಎಂದು ಮನೆಯವರು ಸಮಾಧಾನಪಡುತ್ತಾರೆ. ಈ ಸಮಾಧಾನಕ್ಕೆ ಈಗ ಆಧಾರವಿಲ್ಲ ಎಂಬುದನ್ನು ನಾವು ಅರಿತಿರಬೇಕು.

2020ರ ಜನವರಿ 17ರಂದು ಕೇಂದ್ರ ಸರಕಾರವು ಅಧಿಸೂಚನೆ ಹೊರಡಿಸಿ, ಸಂಯುಕ್ತ ಅರಬ್ ಸಂಸ್ಥಾನವನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಮಿನಡಿ ಪರಸ್ಪರ ಮಾನ್ಯತೆಯ ದೇಶವೆಂದು ಘೋಷಿಸಿತು. ಈ ಕಲಮು ಬ್ರಿಟಿಷರ ಕಾಲದ್ದು. 1937ರಲ್ಲಿ ಅದು ಸಂಹಿತೆಗೆ ಸೇರಿತು. ಬ್ರಿಟನ್, ಸಿಂಗಾಪುರ, ಮಲೇಷ್ಯಾ, ನ್ಯೂಝಿಲ್ಯಾಂಡ್ ಮುಂತಾದ ದೇಶಗಳು ಮೊದಲೇ ಆ ಪಟ್ಟಿಯಲ್ಲಿದ್ದವು. ಭಾರತ ಮತ್ತು ಯುಎಇ ನಡುವೆ ನ್ಯಾಯಾಂಗ ಸಹಕಾರದ ಒಪ್ಪಂದವು 1999ರಲ್ಲೇ ಆಗಿತ್ತಾದರೂ ಅಧಿಸೂಚನೆ ಬರಲು ಇಪ್ಪತ್ತು ವರ್ಷ ಹಿಡಿಯಿತು. ಅದಕ್ಕೆ ಮೊದಲು ದುಬೈಯ ತೀರ್ಪನ್ನು ಹಿಡಿದು ಬಂದವರು ಇಲ್ಲಿ ಅದರ ಆಧಾರದ ಮೇಲೆ ಹೊಸದಾಗಿ ದಾವೆ ಹೂಡಬೇಕಿತ್ತು. ಈಗ ಡಿಕ್ರಿಯ ದೃಢೀಕೃತ ಪ್ರತಿಯನ್ನೂ, ಅದರಲ್ಲಿ ಎಷ್ಟು ಹಣ ವಸೂಲಾಗಿದೆ ಎಂಬ ಪ್ರಮಾಣಪತ್ರವನ್ನೂ ಜಿಲ್ಲಾ ನ್ಯಾಯಾಲಯಕ್ಕೆ ಸಲ್ಲಿಸಿದರೆ ಸಾಕು. ಇಲ್ಲಿನ ನ್ಯಾಯಾಲಯವೇ ಕೊಟ್ಟ ಡಿಕ್ರಿ ಎಂಬಂತೆ ಅದರ ಅಮಲ್ಜಾರಿ ಆರಂಭವಾಗುತ್ತದೆ. ಸಾಲಗಾರನ ಹೆಸರಿನಲ್ಲಿರುವ ಜಮೀನು, ಮನೆ, ಬ್ಯಾಂಕ್ ಖಾತೆಗಳು ಜಪ್ತಿಯ ವ್ಯಾಪ್ತಿಗೆ ಬರುತ್ತವೆ.

ಇದನ್ನು ಅನ್ಯಾಯವೆಂದು ನಾವು ಕರೆಯಲಾರೆವು. ಪಡೆದ ಸಾಲವನ್ನು ತೀರಿಸಬೇಕಾದದ್ದು ಕಾನೂನಿಗಿಂತ ಮೊದಲು ನಮ್ಮ ಧರ್ಮವೇ ವಿಧಿಸಿದ ಹೊಣೆ. ಸಾಲವನ್ನು ಬರೆದಿಡಬೇಕು, ಅದಕ್ಕೆ ಸಾಕ್ಷಿಗಳಿರಬೇಕು ಎಂದು ಕುರ್‌ಆನ್ ಆದೇಶಿಸಿದೆ. ತೀರಿಸುವ ಶಕ್ತಿಯಿದ್ದೂ ಊರಿನ ಮರೆಯಲ್ಲಿ ಅಡಗುವವನ ಪರವಾಗಿ ವಾದಿಸಲು ಈ ಲೇಖನವನ್ನು ಬರೆಯುತ್ತಿಲ್ಲ.

ಆದರೆ ಸಾಲಗಾರನಿಗೂ ಹಕ್ಕುಗಳಿವೆ. ವಿದೇಶಿ ತೀರ್ಪನ್ನು ನಮ್ಮ ನ್ಯಾಯಾಲಯಗಳು ಕಣ್ಣು ಮುಚ್ಚಿ ಒಪ್ಪಬೇಕಿಲ್ಲ. ಅದೇ ಸಂಹಿತೆಯ 13ನೇ ಕಲಮು ಆರು ಸಂದರ್ಭಗಳನ್ನು ಹೆಸರಿಸಿದೆ. ತೀರ್ಪು ಕೊಟ್ಟ ನ್ಯಾಯಾಲಯಕ್ಕೆ ಅಧಿಕಾರ ವ್ಯಾಪ್ತಿ ಇರದಿದ್ದರೆ, ಪ್ರಕರಣದ ಗುಣಾವಗುಣಗಳನ್ನು ಪರಿಶೀಲಿಸದೆ ತೀರ್ಪು ಕೊಟ್ಟಿದ್ದರೆ, ಅಂತಾರಾಷ್ಟ್ರೀಯ ಕಾನೂನನ್ನು ತಪ್ಪಾಗಿ ಗ್ರಹಿಸಿದ್ದು ಅಥವಾ ಅನ್ವಯಿಸಬೇಕಾದ ಭಾರತದ ಕಾನೂನನ್ನು ಕಡೆಗಣಿಸಿದ್ದು ಮೇಲ್ನೋಟಕ್ಕೇ ಕಾಣುತ್ತಿದ್ದರೆ, ಸಹಜ ನ್ಯಾಯದ ನಿಯಮಗಳು ಮುರಿದಿದ್ದರೆ, ವಂಚನೆಯಿಂದ ಪಡೆದಿದ್ದರೆ, ಭಾರತದ ಕಾನೂನನ್ನು ಉಲ್ಲಂಘಿಸುವ ಬೇಡಿಕೆಯನ್ನು ಎತ್ತಿ ಹಿಡಿದಿದ್ದರೆ ಆ ತೀರ್ಪು ಇಲ್ಲಿ ನಿಲ್ಲುವುದಿಲ್ಲ. ಪ್ರತಿವಾದಿ ಹಾಜರಾಗಲಿಲ್ಲ ಎಂಬ ಒಂದೇ ಕಾರಣಕ್ಕೆ, ಸಾಕ್ಷ್ಯವನ್ನು ಪರಿಶೀಲಿಸದೆ ಕೊಟ್ಟ ಏಕಪಕ್ಷೀಯ ಡಿಕ್ರಿಯನ್ನು ಜಾರಿಗೊಳಿಸಲಾಗದೆಂದು ಸುಪ್ರೀಂ ಕೋರ್ಟ್ 2001ರಲ್ಲಿ ಹೇಳಿದೆ. ಹಾಗೆಂದು ಸಮನ್ಸನ್ನು ಕಸದ ಬುಟ್ಟಿಗೆ ಎಸೆಯುವುದು ಜಾಣತನವಲ್ಲ. ಸಾಕ್ಷ್ಯವನ್ನು ಪರಿಶೀಲಿಸಿ ಕೊಟ್ಟ ಏಕಪಕ್ಷೀಯ ತೀರ್ಪಿಗೆ ಬೆಲೆಯಿದೆ. ಅಲ್ಲಿ ಉತ್ತರಿಸದವನಿಗೆ ಇಲ್ಲಿ ಹೇಳಲು ಉಳಿಯುವ ಮಾತು ಬಹಳ ಕಡಿಮೆ.

ಕಾಲಮಿತಿಯೂ ಮುಖ್ಯ. ಲಂಡನ್ನಿನ ನ್ಯಾಯಾಲಯವೊಂದು 1995ರಲ್ಲಿ ಬ್ಯಾಂಕ್ ಆಫ್ ಬರೋಡಾದ ಪರವಾಗಿ ಕೊಟ್ಟ ಡಿಕ್ರಿಯ ಅಮಲ್ಜಾರಿಗಾಗಿ ಬೆಂಗಳೂರಿನ ಸಿವಿಲ್ ನ್ಯಾಯಾಲಯಕ್ಕೆ ಅರ್ಜಿ ಬಂದದ್ದು 2009ರಲ್ಲಿ. ಡಿಕ್ರಿ ಕೊಟ್ಟ ದೇಶದ ಕಾಲಮಿತಿಯೇ ಇಂಥ ಪ್ರಕರಣಕ್ಕೆ ಅನ್ವಯವಾಗುತ್ತದೆ, ಹದಿನಾಲ್ಕು ವರ್ಷ ತಡವಾಗಿ ಬಂದ ಅರ್ಜಿ ಊರ್ಜಿತವಲ್ಲ ಎಂದು 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ವಕೀಲರ ದಂಡನ್ನೇ ಇಟ್ಟುಕೊಂಡ ಬ್ಯಾಂಕೇ ಕಾಲಮಿತಿಯ ಮುಂದೆ ಸೋತಿತು. ಹಾಗಿದ್ದ ಮೇಲೆ ವಕೀಲರಿಲ್ಲದ ಬಡವನ ಪಾಡೇನು?

ನಮ್ಮ ಮುಖ್ಯ ಪ್ರಶ್ನೆ ಇರುವುದೂ ಇಲ್ಲಿಯೇ. ಸಾಲದ ಡಿಕ್ರಿಗೆ ತೆರೆದ ಬಾಗಿಲು ಕಾರ್ಮಿಕನ ಸಂಬಳಕ್ಕೆ ಏಕೆ ತೆರೆಯುವುದಿಲ್ಲ? ಕಾನೂನಿನ ಅಕ್ಷರದಲ್ಲಿ ಭೇದವಿಲ್ಲ. ತೆರಿಗೆ ಮತ್ತು ದಂಡವನ್ನು ಹೊರತುಪಡಿಸಿ, ಹಣ ಪಾವತಿಸಬೇಕೆಂಬ ಡಿಕ್ರಿಗೆಲ್ಲ 44ಎ ಅನ್ವಯಿಸುತ್ತದೆ. ದುಬೈಯ ನ್ಯಾಯಾಲಯದಿಂದ ಸಂಬಳದ ಡಿಕ್ರಿ ಪಡೆದ ಕಾರ್ಮಿಕನು, ಅದರಂತೆ ಹಣ ಕೊಡಬೇಕಾದ ಮಾಲಕನ ಆಸ್ತಿ ಮಂಗಳೂರಿನಲ್ಲೋ ಮುಂಬೈಯಲ್ಲೋ ಇದ್ದರೆ, ಇಲ್ಲಿಯೇ ವಸೂಲಿಗೆ ಮುಂದಾಗಬಹುದು. ಆದರೆ ಆ ಡಿಕ್ರಿ ಅವನ ಕೈಗೆ ಬರುವುದಾದರೂ ಹೇಗೆ? 2020ರಲ್ಲಿ ಕೊರೋನಾ ಕಾಲದ ವಿಶೇಷ ವಿಮಾನಗಳಲ್ಲಿ ಮರಳಿದವರ ಪೈಕಿ ಅನೇಕರು ತಿಂಗಳುಗಟ್ಟಲೆ ಸಂಬಳವನ್ನೂ ಸೇವಾ ಉಪದಾನವನ್ನೂ ಅಲ್ಲಿಯೇ ಬಿಟ್ಟು ಬಂದರು. ದಾವೆ ಹೂಡಲು ಸಮಯವಿರಲಿಲ್ಲ. ತಮ್ಮ ಪರವಾಗಿ ನಿಲ್ಲುವವರಿಗೆ ಅಧಿಕಾರ ಪತ್ರ ಬರೆದುಕೊಡಬೇಕೆಂದು ಹೇಳಿದವರೂ ವಿರಳ. ಡಿಕ್ರಿಯೇ ಇಲ್ಲದವನಿಗೆ ಅಮಲ್ಜಾರಿಯ ಕಾನೂನು ಬರೀ ಕಾಗದ.

ನಮ್ಮ ಸಹೋದರಿಯರ ಸ್ಥಿತಿ ಇನ್ನೂ ಕಠಿಣ. ಪತಿ ವಿದೇಶದಲ್ಲಿ, ಪತ್ನಿ ತವರಿನಲ್ಲಿ. ಒಂದು ದಿನ ಪರದೇಶದ ನ್ಯಾಯಾಲಯದ ವಿಚ್ಛೇದನ ತೀರ್ಪು ಅಂಚೆಯಲ್ಲಿ ಬಂದು ಬೀಳುತ್ತದೆ. ಅದಕ್ಕೆ ತಲೆಬಾಗಲೇಬೇಕೆಂದು ಅವಳು ಭಾವಿಸುತ್ತಾಳೆ. ಆದರೆ ಕಾನೂನು ಹಾಗಿಲ್ಲ. 1975ರಲ್ಲಿ ತಿರುಪತಿಯಲ್ಲಿ ಮದುವೆಯಾದ ವ್ಯಕ್ತಿಯೊಬ್ಬರು ಅಮೆರಿಕದ ಮಿಸ್ಸೌರಿ ರಾಜ್ಯದ ನ್ಯಾಯಾಲಯದಿಂದ ಪಡೆದ ವಿಚ್ಛೇದನವನ್ನು ಸುಪ್ರೀಂ ಕೋರ್ಟ್ 1991ರಲ್ಲಿ ಮಾನ್ಯ ಮಾಡಲಿಲ್ಲ. ದಂಪತಿಗಳು ಯಾವ ಕಾನೂನಿನಂತೆ ಮದುವೆಯಾದರೋ ಆ ಕಾನೂನು ಒಪ್ಪುವ ನ್ಯಾಯಾಲಯವು, ಅದೇ ಕಾನೂನು ಒಪ್ಪುವ ಕಾರಣಕ್ಕಾಗಿ ತೀರ್ಪು ಕೊಟ್ಟಿರಬೇಕೆಂಬುದು ಅಂದು ನ್ಯಾಯಾಲಯ ಹೇಳಿದ ಸಾಮಾನ್ಯ ನಿಯಮ. ಎದುರು ಪಕ್ಷವು ಸ್ವಇಚ್ಛೆಯಿಂದ ಹಾಜರಾಗಿ ವಾದಿಸಿದ್ದರೆ ಅಥವಾ ಒಪ್ಪಿಗೆ ಕೊಟ್ಟಿದ್ದರೆ ಮಾತು ಬೇರೆ. ಆ ದಂಪತಿಗಳು ಹಿಂದೂ ವಿವಾಹ ಪದ್ಧತಿಯಂತೆ ಮದುವೆಯಾದವರು. ಆದರೆ ಅಂದು ನ್ಯಾಯಾಲಯ ವಿವರಿಸಿದ್ದು ಎಲ್ಲ ಸಮುದಾಯಗಳಿಗೂ ಅನ್ವಯಿಸುವ 13ನೇ ಕಲಮನ್ನು. ಆದುದರಿಂದ ಇಂಥ ಕಾಗದ ಬಂದಾಗ ಮೊದಲು ಮಾಡಬೇಕಾದ ಕೆಲಸ ಅಳುವುದಲ್ಲ, ವಕೀಲರನ್ನು ಕಾಣುವುದು. ತಿಳಿಯದ ಭಾಷೆಯ ಯಾವ ಕಾಗದಕ್ಕೂ ಸಹಿ ಹಾಕದಿರುವುದು.

ಇಲ್ಲಿನ ನ್ಯಾಯಾಲಯದಲ್ಲಿ ಅವಳು ಜೀವನಾಂಶದ ಆದೇಶ ಪಡೆದಳೆಂದೇ ಇಟ್ಟುಕೊಳ್ಳೋಣ. ಪತಿಯ ಸಂಬಳವಿರುವುದು ಕಡಲಾಚೆ. ಆ ಆದೇಶವನ್ನು ಅರಬಿಗೆ ಅನುವಾದಿಸಿ, ದೃಢೀಕರಿಸಿ, ಅಲ್ಲಿ ವಕೀಲರನ್ನು ನೇಮಿಸಿ, ಅಲ್ಲಿನ ನ್ಯಾಯಾಲಯ ಒಪ್ಪುವಂತೆ ಮಾಡಬೇಕು. ತಿಂಗಳಿಗೆ ಕೆಲವು ಸಾವಿರ ರೂಪಾಯಿಗಾಗಿ ಲಕ್ಷಗಟ್ಟಲೆ ಖರ್ಚು ಮಾಡಲು ಅವಳಿಂದ ಸಾಧ್ಯವೇ? ಬ್ಯಾಂಕಿನ ಡಿಕ್ರಿ ಬಂದ ದಾರಿಯಲ್ಲೇ ಅವಳ ಆದೇಶವೂ ಹೋಗಬೇಕಾದುದು ನ್ಯಾಯ. ಆದರೆ ಆ ದಾರಿಯ ಸುಂಕ ತೆರಲು ಅವಳ ಬಳಿ ಹಣವಿಲ್ಲ. ಮಕ್ಕಳ ಮತ್ತು ಕುಟುಂಬದ ಜೀವನಾಂಶವನ್ನು ಗಡಿಯಾಚೆ ವಸೂಲು ಮಾಡಲು ಸರಕಾರಗಳೇ ಪರಸ್ಪರ ನೆರವಾಗುವ ಹೇಗ್ ಒಪ್ಪಂದವೊಂದು 2007ರಲ್ಲಿ ರೂಪುಗೊಂಡಿದೆ. ಭಾರತ ಅದಕ್ಕೆ ಸೇರಿಲ್ಲ.

ಸರಕಾರ ಮಾಡಬೇಕಾದ ಕೆಲಸಗಳು ಸ್ಪಷ್ಟವಾಗಿವೆ. ಹೇಗ್ ಒಪ್ಪಂದಕ್ಕೆ ಸೇರುವ ಬಗ್ಗೆ ತೀರ್ಮಾನಿಸಬೇಕು. ಲಕ್ಷಾಂತರ ಭಾರತೀಯರು ದುಡಿಯುವ ಸೌದಿ ಅರೇಬಿಯದೊಂದಿಗೆ ಮಾತುಕತೆ ನಡೆಸಿ ಸಂಬಳ ಮತ್ತು ಜೀವನಾಂಶದ ತೀರ್ಪುಗಳಿಗೆ ಮಾನ್ಯತೆ ದೊರಕಿಸಬೇಕು. 2009ರಲ್ಲಿ ಸ್ಥಾಪನೆಯಾದ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ಇಂಥ ಪ್ರಕರಣಗಳಿಗೆ ಧಾರಾಳವಾಗಿ ನೆರವು ಸಿಗಬೇಕು. ಅದು ಹೊರದೇಶದಲ್ಲಿರುವ ಭಾರತೀಯರ ಸಂಕಷ್ಟಕ್ಕಾಗಿಯೇ ಇರುವ ನಿಧಿ.

ನಮ್ಮ ಹೊಣೆಯೂ ಸಣ್ಣದಲ್ಲ. ನಮ್ಮ ಜಮಾಅತ್‌ಗಳು ನಿಕಾಹ್‌ನ ದಿನ ಊಟದ ಬಗ್ಗೆ ವಹಿಸುವ ಕಾಳಜಿಯ ಒಂದು ಪಾಲನ್ನು ದಾಖಲೆಗಳ ಬಗ್ಗೆ ವಹಿಸಿದರೆ ಎಷ್ಟೋ ಹೆಣ್ಣು ಮಕ್ಕಳ ಬವಣೆ ತಪ್ಪೀತು. ವರನ ವಿದೇಶದ ವಿಳಾಸ, ಪಾಸ್‌ಪೋರ್ಟ್ ವಿವರ, ಉದ್ಯೋಗದ ಸಂಸ್ಥೆ, ಮಹ್ರ್‌ನ ಮೊತ್ತ, ಇವೆಲ್ಲವೂ ಮಸೀದಿಯ ದಫ್ತರಿನಲ್ಲಿರಲಿ. ವಿದೇಶಕ್ಕೆ ಹೊರಡುವ ಹುಡುಗನಿಗೆ ಕೆಲಸದ ಕರಾರು ಪತ್ರದ ಪ್ರತಿಯನ್ನು ಮನೆಯಲ್ಲಿಟ್ಟು ಹೋಗಲು ಹೇಳೋಣ. ಸಾಲದ ಕಾಗದಕ್ಕೆ, ಖಾಲಿ ಚೆಕ್ಕಿಗೆ ಸಹಿ ಹಾಕುವ ಮುನ್ನ ಮನೆಯವರೊಡನೆ ಸಮಾಲೋಚಿಸಲು ಕಲಿಸೋಣ. ಬಾಕಿ ಸಂಬಳ ಬಿಟ್ಟು ಬರುವವನು ಅಲ್ಲಿ ದೂರು ದಾಖಲಿಸಿ, ನಂಬಿಕಸ್ಥರಿಗೆ ಅಧಿಕಾರ ಪತ್ರ ಕೊಟ್ಟು ಬರಲಿ. ನಮ್ಮ ನಡುವಿನ ವಕೀಲರು ವಾರಕ್ಕೊಂದು ಸಂಜೆಯನ್ನು ಇದಕ್ಕಾಗಿ ಮೀಸಲಿಟ್ಟರೆ ಅದು ದೊಡ್ಡ ಸೇವೆ.

ಸಾಲ ಕೊಟ್ಟವನ ಹಕ್ಕು ಗಡಿ ದಾಟಿ ಬಂದದ್ದನ್ನು ನಾವು ಒಪ್ಪಿಕೊಳ್ಳೋಣ. ಆದರೆ ಬೆವರು ಸುರಿಸಿದವನ ಹಕ್ಕೂ, ಮಗುವನ್ನು ಮಡಿಲಲ್ಲಿಟ್ಟು ಕಾಯುತ್ತಿರುವ ತಾಯಿಯ ಹಕ್ಕೂ ಅದೇ ಗಡಿಯನ್ನು ದಾಟುವವರೆಗೆ ಈ ನ್ಯಾಯವನ್ನು ಪೂರ್ಣವೆಂದು ನಾವು ಒಪ್ಪಲಾರೆವು.