ಓಟಿಪಿ ಬರುವ ಫೋನು ಯಾರ ಕೈಯಲ್ಲಿದೆ?

ಹೆಸರು ಬಿಡಿಸುವ ಸುಗ್ಗಿ. ಗದಗ ತಾಲ್ಲೂಕಿನ ಅಂತೂರ ಬೆಂತೂರದಲ್ಲಿ ಪರಿಚಯದವರ ಮನೆಯ ಕಟ್ಟೆಯ ಮೇಲೆ ಕೂತಿದ್ದೆ. ಒಳಗಿನಿಂದ ಬಂದ ಅಜ್ಜ ಮೊಮ್ಮಗನ ಕೈಗೆ ಫೋನು ಕೊಟ್ಟು, ‘ತಮ್ಮಾ, ಇದ್ರಾಗ ಏನ್ ಬಂದೈತಿ ಓದಿ ಹೇಳು’ ಅಂದರು. ಬೆಳೆವಿಮೆಯ ಸಂದೇಶ. ಹನ್ನೊಂದರ ಹುಡುಗ ಸರಾಗವಾಗಿ ಓದಿ ಹೇಳಿದ. ಫೋನನ್ನು ಮಾತ್ರ ತಿರುಗಿ ಕೊಡಲಿಲ್ಲ. ಕಂಬಕ್ಕೆ ಒರಗಿ, ಹೆಬ್ಬೆರಳಿನಿಂದ ಮೇಲಕ್ಕೆ ತಳ್ಳುತ್ತ ಹೋದ. ಕುಸ್ತಿ, ಟ್ರ್ಯಾಕ್ಟರ್ ಜಗ್ಗಾಟ, ಒಂದು ಭಜನೆ. ಅದರ ಬೆನ್ನಿಗೇ ಮಚ್ಚು ಬೀಸಿ ಕೊಚ್ಚುವ ಸಿನಿಮಾದ ತುಣುಕು. ಬೆರಳು ಅಲ್ಲಿ ನಿಂತಿತು. ಪಕ್ಕದಲ್ಲೇ ಇದ್ದ ಅಜ್ಜನಿಗೆ ಕನ್ನಡಕವಿಲ್ಲದೆ ಅದೇನೆಂದು ಕಾಣುವಂತಿರಲಿಲ್ಲ.

ಆ್ಯಪ್ ಹಾಕುವಾಗ ವಯಸ್ಸು ಕೇಳಲಿಲ್ಲವೇನೋ ಎಂದೆ. ‘ಕೇಳ್ತು. ಅಜ್ಜಂದು ಹಾಕೀನ್ರೀ’ ಎಂದ, ತಲೆ ಎತ್ತದೆ.

ಮಕ್ಕಳ ಕಣ್ಣಿಗೆ ಏನು ಬೀಳಬಾರದೆಂದು ನಮ್ಮ ದೇಶ ಯೋಚಿಸಿಲ್ಲವೆಂದಲ್ಲ. 1952ರ ಸಿನಿಮಾಟೋಗ್ರಾಫ್ ಕಾಯ್ದೆ ‘ಎ’ ಚಿತ್ರವನ್ನು 18 ತುಂಬದವರಿಗೆ ತೋರಿಸಿದ ಟಾಕೀಸಿನವನನ್ನೇ ಅಪರಾಧಿ ಎಂದಿತು. ಚಿತ್ರ ನಿರ್ದೇಶಕ ಕೆ.ಎ. ಅಬ್ಬಾಸ್ ಪ್ರಕರಣದಲ್ಲಿ, 1970ರಲ್ಲಿ, ಸುಪ್ರೀಂ ಕೋರ್ಟ್ ಸಿನಿಮಾಗಳ ಪೂರ್ವ ಪರಿಶೀಲನೆಯನ್ನು ಎತ್ತಿಹಿಡಿದದ್ದು ಚಲಿಸುವ ಚಿತ್ರ ಮನಸ್ಸನ್ನು ಕಲಕುವಷ್ಟು ಬೇರೆ ಮಾಧ್ಯಮ ಕಲಕದು ಎಂಬ ಕಾರಣಕ್ಕೆ. ಆ ಕಾಯ್ದೆ ನಡೆದದ್ದು ಟಿಕೆಟ್ ಹರಿಯುವವನೊಬ್ಬ ಬಾಗಿಲಲ್ಲಿ ನಿಂತಿದ್ದರಿಂದ. ಅವನು ಎಲ್ಲರನ್ನೂ ತಡೆದನೆಂದು ನಾನು ಹೇಳಲಾರೆ. ಆದರೆ ಹುಡುಗನ ಮುಖ ನೋಡುವ ಒಬ್ಬ ಮನುಷ್ಯ ಅಲ್ಲಿದ್ದ, ತಪ್ಪಾದರೆ ಉತ್ತರ ಕೊಡಬೇಕಾದ ಮಾಲೀಕನಿದ್ದ.

ಆ ಕಾಯ್ದೆಯ 2023ರ ತಿದ್ದುಪಡಿ, ಪಾಲಕರ ಮಾರ್ಗದರ್ಶನದಲ್ಲಿ ಮಕ್ಕಳು ನೋಡಬಹುದಾದ ‘ಯುಎ’ ವರ್ಗವನ್ನು 7, 13, 16 ಎಂದು ಮೂರಾಗಿ ಒಡೆಯಿತು. ಜೊತೆಗೆ, ಈ ಗುರುತು ಪಾಲಕರ ತಿಳಿವಳಿಕೆಗಾಗಿ, ಬೇರೆಯವರು ಇದನ್ನು ಜಾರಿ ಮಾಡುವಂತಿಲ್ಲ ಎಂದೂ ಹೇಳಿತು. ಒಟಿಟಿಗೆ 2021ರ ನಿಯಮಗಳೇ ಇಂಥ ವರ್ಗೀಕರಣ ತಂದಿದ್ದವು; 13 ಮತ್ತು ಅದರ ಮೇಲಿನ ಗುರುತುಗಳಿಗೆ ಪಾಲಕರ ಬೀಗವೂ ಇರಬೇಕು. ಆದರೆ ಅದೇ ಚಿತ್ರದ ಅರ್ಧ ನಿಮಿಷವನ್ನು ಯಾರೋ ಕತ್ತರಿಸಿ ಹರಿಯಬಿಟ್ಟರೆ ಗುರುತೂ ಇಲ್ಲ, ಬೀಗವೂ ಇಲ್ಲ. ಕಂಬಕ್ಕೆ ಒರಗಿದ ಹುಡುಗ ನೋಡಿದ್ದು ಅಂಥ ತುಣುಕನ್ನು.

ಇನ್ನು 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ. 18ರ ಒಳಗಿನವರ ಮಾಹಿತಿ ಮುಟ್ಟುವ ಮೊದಲು ತಂದೆತಾಯಿಯ ಖಚಿತ ಒಪ್ಪಿಗೆ ಬೇಕು ಎನ್ನುತ್ತದೆ ಅದು. ಮಕ್ಕಳ ಜಾಡು ಹಿಡಿಯಬಾರದು, ಅವರಿಗೆ ಗುರಿಯಿಟ್ಟ ಜಾಹೀರಾತು ಸಲ್ಲದು. ಎರಡನೆಯದು ತುಂಬ ಬೆಲೆಯುಳ್ಳ ಮಾತು. ಮೊದಲನೆಯದು ನಮ್ಮ ಮನೆಗಳನ್ನು ಕಾಣದೆ ಬರೆದದ್ದು. ಇಲ್ಲಿ ಹಿರಿಯರ ಫೋನಿಗೆ ಬರುವ ಓಟಿಪಿ ಓದುವವನೇ ಮಗ. ಅಪ್ಪನಿಗೆ ಪಡಿತರದ ಸಂದೇಶ, ಅವ್ವನಿಗೆ ಬ್ಯಾಂಕಿನ ಸಂದೇಶ ಬಿಡಿಸಿ ಹೇಳುವವನೂ ಅವನೇ. 2020ರಲ್ಲಿ ಸಾಲಿ ಮುಚ್ಚಿದಾಗ ‘ಪಾಠ ಐತಿ’ ಎಂದು ಫೋನು ಅವನ ಕೈಗೆ ಬಂತು. ಹೀಗಿರುವಾಗ ಅವನ ಪಾಲಕನ ಒಪ್ಪಿಗೆಯನ್ನು ಒತ್ತುವ ಬೆರಳು ಅವನದೇ. ಕಂಪನಿಯ ಲೆಕ್ಕದಲ್ಲಿ ಆ ತುಣುಕು ನೋಡಿದ್ದು ಅರವತ್ತು ದಾಟಿದ ರೈತ.

2023ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ ಎಕ್ಸ್ ಕಂಪನಿಯ ಮೇಲ್ಮನವಿ ಕೇಳುವಾಗ, ಮದ್ಯಕ್ಕೆ ಇರುವಂತೆ ಸಾಮಾಜಿಕ ಜಾಲತಾಣಕ್ಕೂ ವಯೋಮಿತಿ ಬೇಕೆಂದು ಮೌಖಿಕವಾಗಿ ಹೇಳಿತು. ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ 16ರ ಒಳಗಿನವರಿಗೆ ಖಾತೆಯನ್ನೇ ನಿಷೇಧಿಸಿತು. ದಂಡ ಮಗುವಿಗಲ್ಲ, ಮನೆಯವರಿಗಲ್ಲ, ಕಂಪನಿಗೆ. ವಯೋಮಿತಿಯ ಅಂಕಿ ಯಾವುದಾದರೂ ಇರಲಿ, ಹೊಣೆಯ ಈ ದಿಕ್ಕು ನನಗೆ ಸರಿಯೆನಿಸುತ್ತದೆ. ಹಕ್ಕುದಾರರ ಹಾಡಿನ ಒಂದು ತುಣುಕು ಹಾಕಿದರೂ ಗುರುತಿಸಿ ತಡೆಯಬಲ್ಲ ಯಂತ್ರ ಈ ಕಂಪನಿಗಳ ಬಳಿ ಇದೆ. ‘ಎ’ ಚಿತ್ರದ ತುಣುಕನ್ನೂ ಅದೇ ಯಂತ್ರ ಗುರುತಿಸಬಹುದು. ತುಣುಕಿನೊಂದಿಗೆ ಮೂಲಚಿತ್ರದ ಗುರುತೂ ಬರಲೇಬೇಕು, ಅದೂ ಕನ್ನಡದಲ್ಲಿ, ಎಂದು ಕಾನೂನು ಬರೆದರೆ ಟಾಕೀಸಿನ ಬಾಗಿಲಲ್ಲಿದ್ದವನ ಕೆಲಸ ಮತ್ತೆ ಯಾರದಾದರೂ ಆಗುತ್ತದೆ.

ನಾನು ಏಳುವ ಹೊತ್ತಿಗೆ ಹುಡುಗನ ಅವ್ವ ಹೊಲದಿಂದ ಬಂದಳು. ಫೋನು ಕಸಿದುಕೊಂಡು ಬೈದಳು. ಅಷ್ಟರಲ್ಲಿ ಅದು ಟಿಣ್ ಎಂದಿತು. ಒಂದು ಕ್ಷಣ ನೋಡಿ, ‘ಇದೇನ್ ಬಂತ ನೋಡಪಾ’ ಎಂದು ಅವನ ಕೈಗೇ ಕೊಟ್ಟಳು.