ಸಿಡಿದ ನಕ್ಷತ್ರಕ್ಕೂ ಹಳೇ ಫೋಟೊ ಬೇಕು

ದೊಡ್ಡ ನಕ್ಷತ್ರ ಸಿಡಿದರೆ ಅದಕ್ಕೆ ಸೂಪರ್‌ನೋವಾ ಅಂತಾರೆ. ಸಿಡಿದ ಬೆಳಕು ಕೋಟ್ಯಂತರ ಜ್ಯೋತಿರ್ವರ್ಷ ದೂರದಿಂದಲೂ ಕಾಣುತ್ತದೆ. ಆದರೆ ಸಿಡಿದದ್ದು ಎಂಥ ನಕ್ಷತ್ರ? ಅದು ತಿಳಿಯಬೇಕಾದರೆ ಸಿಡಿಯುವ ಮೊದಲೇ ಯಾರಾದರೂ ಅದರ ದಾಖಲೆ ಇಟ್ಟಿರಬೇಕು.

1987ರಲ್ಲಿ ನಮ್ಮ ಪಕ್ಕದ ಗ್ಯಾಲಕ್ಸಿಯಲ್ಲಿ ಒಂದು ನಕ್ಷತ್ರ ಸಿಡಿಯಿತು. ನಿಕೋಲಸ್ ಸಂಡುಲೀಕ್ ಎಂಬ ವಿಜ್ಞಾನಿ ವರ್ಷಗಳ ಹಿಂದೆಯೇ ಅದನ್ನು ತಮ್ಮ ಪಟ್ಟಿಯಲ್ಲಿ ಬರೆದಿಟ್ಟಿದ್ದರು. ಮುಂದೆ ಅದು ಸಿಡಿಯುತ್ತದೆ ಎಂದು ಅವರಿಗೇನೂ ಗೊತ್ತಿರಲಿಲ್ಲ. ಇಂಥ ಕಡೆ ಕೆಂಪು ದೈತ್ಯ ಸಿಡಿಯುತ್ತದೆ ಎಂದುಕೊಂಡಿದ್ದ ವಿಜ್ಞಾನಿಗಳಿಗೆ, ಸಿಡಿದದ್ದು ನೀಲಿ ನಕ್ಷತ್ರ ಎಂದು ತೋರಿಸಿದ್ದು ಆ ಹಳೇ ದಾಖಲೆಯೇ.

ಹಾಗಾದರೆ ಕೆಂಪು ದೈತ್ಯ ಸಿಡಿಯುವುದೇ ಇಲ್ಲವೇ? 2003ರಲ್ಲಿ ಎಂ74 ಗ್ಯಾಲಕ್ಸಿಯಲ್ಲಿ ಇನ್ನೊಂದು ಸ್ಫೋಟ ಕಂಡಿತು. ಈ ಜಾತಿಯ ಸ್ಫೋಟದ ಬೆಳಕು ಸುಮಾರು ಮೂರು ತಿಂಗಳು ಹೆಚ್ಚು ಇಳಿಯದೆ ನಿಲ್ಲುತ್ತದೆ. ಕೆಲವೇ ತಿಂಗಳ ಹಿಂದೆ ಹಬಲ್ ಟೆಲಿಸ್ಕೋಪ್ ತೆಗೆದಿದ್ದ ಫೋಟೊದಲ್ಲಿ ಅದೇ ಜಾಗದಲ್ಲಿ ಒಂದು ಕೆಂಪು ದೈತ್ಯ ಇತ್ತು. ಅದರ ತೂಕ ಸೂರ್ಯನ ಸುಮಾರು ಎಂಟು ಪಟ್ಟು. ಬೆಳಕು ಆರಿದ ಮೇಲೆ ಮತ್ತೆ ನೋಡಿದರು. ಆ ನಕ್ಷತ್ರ ಅಲ್ಲಿರಲಿಲ್ಲ. 2009ರಲ್ಲಿ ಇದು ಪ್ರಕಟವಾಯಿತು.

2023ರ ಮೇ ತಿಂಗಳಲ್ಲಿ ಎಂ101ರಲ್ಲಿ ಕಂಡ ಸ್ಫೋಟಕ್ಕೂ ಹಳೇ ಫೋಟೊಗಳೇ ಸಾಕ್ಷಿ ಹೇಳಿದವು: ಧೂಳು ಮುಚ್ಚಿದ ಕೆಂಪು ದೈತ್ಯ. ಈ ಸ್ಫೋಟವನ್ನು ಲಡಾಖ್‌ನ ಹಾನ್ಲೆಯ ಟೆಲಿಸ್ಕೋಪ್ ಕೂಡ ಗಮನಿಸಿತು. ಅದನ್ನು ನಡೆಸುವುದು ನಮ್ಮ ಹೊಸಕೋಟೆಯಿಂದ.

'ಆಕಾಶದ ಫೋಟೊ ತೆಗೆದು ಇಡೋಕೆ ಇಷ್ಟು ದುಡ್ಡು ಯಾಕೆ?' ಎಂದು ನಮ್ಮನ್ನೂ ಕೇಳುತ್ತಾರೆ. ನಮ್ಮ ಉತ್ತರ ಇಷ್ಟೆ: ಯಾವ ದಾಖಲೆ ಯಾವಾಗ ಬೇಕಾಗುತ್ತದೆ ಎಂದು ಇಡುವಾಗ ಯಾರಿಗೂ ಗೊತ್ತಿರುವುದಿಲ್ಲ. ಬೇಕಾದಾಗ ಹಿಂದೆ ಹೋಗಿ ಫೋಟೊ ತೆಗೆಯಲು ಆಗುವುದಿಲ್ಲ. ಜನರ ದುಡ್ಡಿನಲ್ಲಿ ತೆಗೆದದ್ದು ಜೋಪಾನವಾಗಿರಬೇಕು, ಎಲ್ಲರಿಗೂ ಸಿಗಬೇಕು. ಹಬಲ್ ಫೋಟೊಗಳು ಹಾಗೆ ಸಿಗುತ್ತವೆ.

ನಮ್ಮೂರುಗಳಲ್ಲಿ ಮಳೆ ಲೆಕ್ಕದ ಪುಸ್ತಕ, ಹಳೇ ರಿಜಿಸ್ಟರ್ ರದ್ದಿಗೆ ಹೋಗುತ್ತವೆ. ಆಮೇಲೆ ಕೆರೆ ಎಲ್ಲಿಯವರೆಗಿತ್ತು ಎಂದು ಜಗಳ ಬಂದಾಗ ತೋರಿಸಲು ಏನೂ ಇರುವುದಿಲ್ಲ. ಈ ಮಳೆಗಾಲದಲ್ಲಿ ಒಂದೇ ಜಾಗದಲ್ಲಿ ನಿಂತು ನಿಮ್ಮ ಕೆರೆಯ ಫೋಟೊ ತೆಗೆಯಿರಿ. ತಾರೀಕು ಬರೆದಿಡಿ. ಮುಂದಿನ ವರ್ಷವೂ ತೆಗೆಯಿರಿ.